ನಂಜುಂಡೇಶನ ಟೈರು ತನಿಖೆ

"ಟೈರು ಹಾಕಿಸೋಕೆ ಹೋದವರಿಗೆ ಟೋಪಿ ಹಾಕಿ ಕಳಿಸೋ ಕಾಲ ಇದು. ಆದರೆ ನನ್ನ ತಲೆ ಅಳತೆಯ ಟೋಪಿಯನ್ನ ಈ ಜಿಲ್ಲೆಯಲ್ಲೇ ಇನ್ನೂ ಯಾರೂ ಹೊಲಿದಿಲ್ಲ" ಎಂದು ನಂಜುಂಡೇಶ ಕಾಫಿ ಲೋಟ ಕೆಳಗಿಟ್ಟು ಘೋಷಿಸಿದ. ಕೇಳಿಸಿಕೊಂಡವರು ಹೆಂಡತಿ ನಯನ ಮತ್ತು ತಾಯಿ ಚನ್ನಾಜಮ್ಮ. ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ನಂಜನಗೂಡಿನ ಪೇಟೆಯಲ್ಲಿ ನಂಜುಂಡೇಶನದು ಪಾತ್ರೆ ಅಂಗಡಿ. ಅನುಮಾನ ಅವನಿಗೆ ಆ ಅಂಗಡಿಯೇ ಕೊಟ್ಟ ಬಳುವಳಿ. "ಇದು ತಳ ಹಿಡಿಯಲ್ಲ ಕಣಮ್ಮ, ನಮ್ಮನೇಲೂ ಇದೇ ಇರೋದು" ಎಂದು ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳಿಗೆ ಹೇಳುವವನು ಅವನೇ. ಹಾಗಾಗಿ ಬೇರೆ ಅಂಗಡಿಯವನು ಅದೇ ಧಾಟಿಯಲ್ಲಿ ಬಾಯಿ ತೆರೆದರೆ ಸಾಕು, ಮಾತಿನ ತಳ ಎಷ್ಟು ತೆಳುವು ಎಂದು ಅವನಿಗೆ ಕಂಡುಬಿಡುತ್ತಿತ್ತು.

ಟೈರಿನ ಮಾತು ಎದ್ದದ್ದು ಒಂದು ತುಂತುರು ಮಳೆಯಿಂದ. ಅವನ ಯೆಜ್ಡಿ ಬೈಕಿನ ಎರಡೂ ಟೈರುಗಳು ಸವೆದು ಹೊಳೆಕಲ್ಲಿನಂತೆ ನುಣ್ಣಗಾಗಿದ್ದವು. ಚಿಕ್ಕಯ್ಯನಛತ್ರದ ಹತ್ತಿರ ಎಮ್ಮೆಯೊಂದು ಅಡ್ಡ ಬಂತೆಂದು ಬ್ರೇಕ್ ಒತ್ತಿದರೆ ಬೈಕು ನಿಲ್ಲುವ ಬದಲು ಪಕ್ಕಕ್ಕೆ ಜಾರಿತು. ಹಿಂದೆ ಕುಳಿತಿದ್ದ ನಯನ ಸೊಪ್ಪಿನ ಚೀಲದ ಸಮೇತ ರಸ್ತೆಯ ಮೇಲೆ ಪದ್ಮಾಸನ ಹಾಕಿದಳು. ಪೆಟ್ಟೇನೂ ಆಗಲಿಲ್ಲ. ಎದ್ದು ಸೀರೆ ಒದರಿಕೊಂಡವಳು ತೀರ್ಪು ಕೊಟ್ಟುಬಿಟ್ಟಳು.

"ರೀ, ಹೊಸ ಟೈರು ಬರೋವರೆಗೂ ನಾನು ಬಸ್ಸಲ್ಲೇ ಓಡಾಡ್ತೀನಿ. ನಿಮ್ಮ ಹಿಂದೆ ಕೂತರೆ ಮುತ್ತೈದೆಯಾಗಿ ಹೋಗೋ ಭಾಗ್ಯ ಒಂದು ಸಿಗುತ್ತೆ, ಅಷ್ಟೆ."

ಕೆಲವೇ ದಿನಗಳಲ್ಲಿ ಟಿ. ನರಸೀಪುರದಲ್ಲಿ ಅವಳ ಚಿಕ್ಕಪ್ಪ ಕಲ್ಲಯ್ಯನವರ ದೊಡ್ಡ ಮಗಳ ಮದುವೆ ಇತ್ತು. ಗಂಡ ಬೈಕಿನಲ್ಲಿ, ಹೆಂಡತಿ ಬಸ್ಸಿನಲ್ಲಿ ಬಂದಿಳಿದರೆ ಅವಳ ತವರೂರು ಹೆಮ್ಮಿಗೆಯ ನೆಂಟರು ಏನೆಂದುಕೊಂಡಾರು? ನಂಜುಂಡೇಶ ಅಂದೇ ತಿಮ್ಮಯ್ಯನ ಟೈರು ಅಂಗಡಿಗೆ ಹೋದ.

ತಿಮ್ಮಯ್ಯ ನಗುನಗುತ್ತಾ ಎರಡು ಟೈರು ಕೆಳಗಿಳಿಸಿದ. "ಇದು ತಕಳಿ ಸಾ. ಒಳ್ಳೆ ಗ್ರಿಪ್ಪು. ಮಳೇಲೂ ಜಾರಾಕಿಲ್ಲ."

"ಆ ಇನ್ನೊಂದು?"

"ಅದೂ ಒಳ್ಳೇದೇಯ. ಸ್ಯಾನೆ ದಿನ ಬಾಳಿಕೆ ಬತ್ತದೆ. ಗ್ರಿಪ್ಪು ಒಸಿ ಕಮ್ಮಿ."

ನಂಜುಂಡೇಶನ ತಲೆ ಚುರುಕಾಯಿತು. ಮೊದಲನೆಯದನ್ನು ಹೊಗಳಿದ ಎಂದರೆ ಅದು ಖರ್ಚಾಗದೆ ಕೊಳೆಯುತ್ತಿರುವ ಮಾಲು. ಎರಡನೆಯದನ್ನು ತೆಗಳಿದ ಎಂದರೆ ಅದನ್ನು ಬೇರೆ ಯಾರಿಗೋ ಎತ್ತಿಟ್ಟಿದ್ದಾನೆ. ಅಥವಾ ತಾನು ಸತ್ಯವಂತ ಎಂದು ತೋರಿಸಿಕೊಳ್ಳಲು ಬೇಕೆಂದೇ ತೆಗಳಿದ್ದಾನೆ. ಹಾಗಿದ್ದರೆ ಎರಡೂ ಬೇಡ. ಅವನು ಟೈರಿಗೆ ಉಗುರು ಚುಚ್ಚಿ ನೋಡಿದ, ಬಗ್ಗಿ ಮೂಸಿದ.

"ಹಳೆ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದಲ್ಲ ತಾನೆ?"

"ಅಯ್ಯೋ ಸಾ, ಸುತ್ತಿರೋ ಕಾಗದಾನೂ ಪೂರ್ತಿ ಬಿಚ್ಚಿಲ್ಲ."

"ಅದೇ ನಾನೂ ಕೇಳ್ತಿರೋದು. ಮುಚ್ಚಿಡೋಕೆ ಏನೂ ಇಲ್ಲ ಅಂದ್ರೆ ಯಾಕೆ ಸುತ್ತಿದ್ದಾರೆ?"

ತಿಮ್ಮಯ್ಯ ಟೈರು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ. ಪಾಪ, ಟೀ ತರಿಸಿದ. ಅದು ಇನ್ನೂ ದೊಡ್ಡ ತಪ್ಪಾಯಿತು. ತನ್ನ ಅಂಗಡಿಯಲ್ಲಿ ನಂಜುಂಡೇಶ ಟೀ ತರಿಸುತ್ತಿದ್ದುದು ದೊಡ್ಡ ಗಿರಾಕಿ ಎದ್ದು ಹೋಗದಂತೆ ಗೂಟಕ್ಕೆ ಕಟ್ಟಲು. ಅವನು ಲೋಟ ಮುಟ್ಟದೆ ಎದ್ದು ಬಂದ.

"ಟೈರು ಎಲ್ಲಿ?" ಎಂದಳು ನಯನ.

"ಅವನು ಟೀ ತರಿಸಿಬಿಟ್ಟ."

"ಅದಕ್ಕೆ?"

"ಸುಮ್ಮಸುಮ್ಮನೆ ಯಾರು ಕೊಡ್ತಾರೆ ಟೀನ?"

ಚನ್ನಾಜಮ್ಮ ಗೋಡೆಗೆ ಒರಗಿಕೊಂಡೇ ಹೇಳಿದರು: "ನಿಮ್ಮಪ್ಪ ನನ್ನ ನೋಡಾಕೆ ಬಂದಾಗ ನಮ್ಮನೇಲೂ ಕಾಪಿ ಕೊಟ್ಟಿದ್ರು ಕಣ್ಲಾ. ಅವ್ರು ಸುಮ್ಕೆ ಕುಡುದ್ರು."

ಇದರಲ್ಲಿ ಅಪ್ಪ ಮೋಸ ಹೋದರೋ ಇಲ್ಲವೋ ಎಂಬ ತನಿಖೆಗೆ ಇಳಿಯುವ ಧೈರ್ಯ ನಂಜುಂಡೇಶನಿಗೆ ಇರಲಿಲ್ಲ.

ಅವನು ಬೇರೆ ದಾರಿ ಹಿಡಿದ. ಅಂಗಡಿಯಲ್ಲಿ ತೂಗುಹಾಕಿದ ಟೈರು ನಿಜ ಹೇಳುವುದಿಲ್ಲ. ರಸ್ತೆಯಲ್ಲಿ ಉರುಳಿದ ಟೈರಿಗೆ ಸುಳ್ಳು ಹೇಳಲು ಬರುವುದಿಲ್ಲ. ಊರಿನವರ ಬೈಕುಗಳನ್ನೇ ನೋಡಿ ಯಾವ ಟೈರು ಹೇಗೆ ಸವೆದಿದೆ ಎಂದು ಪತ್ತೆ ಮಾಡಬೇಕು. ಬ್ಯಾಂಕಿನ ಮುಂದೆ, ಆಸ್ಪತ್ರೆಯ ಮುಂದೆ, ಎಲ್ಲಿ ಬೈಕು ನಿಂತಿದ್ದರೂ ನಂಜುಂಡೇಶ ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂರತೊಡಗಿದ. ಮೊದಮೊದಲು ಬೈಕಿನ ಯಜಮಾನರನ್ನೂ ಕೇಳುತ್ತಿದ್ದ. "ಚೆನ್ನಾಗದೆ ಕಣ್ರೀ" ಎಂದು ಅವರೆಲ್ಲ ಹೇಳಿದ್ದರಿಂದ ಕೇಳುವುದನ್ನು ಬಿಟ್ಟ. ಮೋಸ ಹೋದವನು ಮೋಸ ಹೋದೆ ಎಂದು ಯಾವಾಗ ಒಪ್ಪಿಕೊಂಡಿದ್ದಾನೆ? ಉಗುರು ಚುಚ್ಚುವುದು, ಅಂಗೈಯಲ್ಲಿ ಉಜ್ಜುವುದು, ಮೂಸುವುದು, ಇಷ್ಟೇ ನಂಬಲರ್ಹ. ಆಮೇಲೆ, ಗಾಳಿ ಕಮ್ಮಿಯಿದ್ದರೆ ಒಳ್ಳೆಯ ಟೈರೂ ಬೇಗ ಸವೆಯುತ್ತದೆಂದು ಯಾರೋ ಹೇಳಿದ್ದರಿಂದ, ವಾಲ್ವಿನ ಮುಚ್ಚಳ ಬಿಚ್ಚಿ ಪಿನ್ನನ್ನು ಕಡ್ಡಿಯಿಂದ ಒಂದಿಷ್ಟು ಒತ್ತಿ, "ಸುಸ್" ಎಂಬ ಸದ್ದಿನ ಜೋರನ್ನೂ ಕೇಳಿಸಿಕೊಳ್ಳಲು ಶುರುಮಾಡಿದ.

ಮದುವೆಯ ದಿನ ಬಂದೇ ಬಂತು. ಟೈರು ಬಂದಿರಲಿಲ್ಲ. ಅತ್ತೆ ಸೊಸೆ ಬಸ್ಸು ಹತ್ತಿದರು. ನಂಜುಂಡೇಶ ಬಿಳಿ ಶರ್ಟು ತೊಟ್ಟು, ಜರಿಯಂಚಿನ ಪಂಚೆ ಉಟ್ಟು, ಬೋಳು ಟೈರುಗಳ ಮೇಲೆ ಎತ್ತಿನ ಗಾಡಿಯ ವೇಗದಲ್ಲಿ ನರಸೀಪುರ ಸೇರಿದ. ಛತ್ರದ ಮುಂದೆ ಕಂಡ ದೃಶ್ಯಕ್ಕೆ ಅವನ ಕಣ್ಣು ತುಂಬಿಬಂತು. ಹೆಮ್ಮಿಗೆ, ತಲಕಾಡು ಕಡೆಯಿಂದ ಬಂದ ಬೈಕುಗಳು ಹುಣಸೆಮರದ ಕೆಳಗೆ ಸಾಲಾಗಿ ನಿಂತಿದ್ದವು. ಕೆಸರು, ಮರಳು, ಕಲ್ಲುರಸ್ತೆ ಎಲ್ಲ ಕಂಡು ಬಂದ ಟೈರುಗಳು. ಇಷ್ಟು ಸಾಕ್ಷಿಗಳು ಒಂದೇ ಕಡೆ ಯಾವ ಕೋರ್ಟಿಗೂ ಸಿಕ್ಕಿರಲಿಲ್ಲ.

ಪಂಚೆ ಎತ್ತಿ ಕಟ್ಟಿ ಕೂತ. ಚುಚ್ಚಿದ, ಉಜ್ಜಿದ, ಮೂಸಿದ, ಕಡ್ಡಿ ಒತ್ತಿದ. ಒಂದು ಬೈಕಿನ "ಸುಸ್" ಕೇಳುವಷ್ಟರಲ್ಲಿ ಒಳಗೆ ಗಟ್ಟಿಮೇಳ ಮೊಳಗಿತು. ಎದ್ದು ಓಡಿದ.

ಅಂಗೈ ಎಣ್ಣೆ ಬಾಣಲೆಯ ತಳದಂತಾಗಿರುವುದು ಅವನಿಗೆ ತಿಳಿದದ್ದು ಅಕ್ಷತೆ ತಟ್ಟೆಯೊಳಗೆ ಕೈ ಹಾಕಿದ ಮೇಲೆ. ಅವನು ಒಂದು ಹಿಡಿ ತೆಗೆದುಕೊಂಡ ನಂತರ ತಟ್ಟೆಯಲ್ಲಿ ಉಳಿದ ಅರಿಸಿನದ ಅಕ್ಕಿಯ ನಡುವೆ ಅಲ್ಲಲ್ಲಿ ಕರಿಕಾಳುಗಳು ಕಂಡವು. ಗಂಡಿನ ಸೋದರತ್ತೆ ಕಣ್ಣು ಕಿರಿದುಮಾಡಿ ತಟ್ಟೆಗೆ ಬಗ್ಗಿದರು.

"ಮದುವೆ ಅಕ್ಷತೆಗೆ ಎಳ್ಳು ಬೆರೆಸಿದೋರು ಯಾರು?"

ತಿಥಿಯ ಎಳ್ಳು ಮದುವೆಗೆ ಬಂತೆಂದರೆ ಕೇಳಬೇಕೆ? ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ನೋಡಿದರು. ಹೆಣ್ಣಿನ ಕಡೆಯವರು ಅಡುಗೆಯವರನ್ನು ನೋಡಿದರು. ನಂಜುಂಡೇಶ ಎರಡೂ ಕೈಯನ್ನು ಪಂಚೆಯ ಮಡಿಕೆಯಲ್ಲಿ ಹುದುಗಿಸಿ ಚಪ್ಪರ ನೋಡಿದ. ಕಲ್ಲಯ್ಯನವರು ಹೇಗೋ ಸಮಾಧಾನ ಹೇಳಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ನಂಜುಂಡೇಶ ಬಚ್ಚಲಲ್ಲಿ ಎಷ್ಟು ತಿಕ್ಕಿದರೂ ಕರಿ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಕಂಬದ ಮರೆಗೆ ನಿಂತುಕೊಂಡ.

ಅಷ್ಟರಲ್ಲಿ ಮೊಸರು ಸಾಲದೆ ಬಂತು. ಗಂಡಿನ ಕಡೆಯವರ ಎಲೆಯ ಮೇಲೆ ಅನ್ನ ಆರುತ್ತಿದೆ. ಕಲ್ಲಯ್ಯನವರು ತಮ್ಮೂರಿನ ಬೆಟ್ಟಸ್ವಾಮಿಯನ್ನು ಕರೆದು ಕ್ಯಾನು ಕೊಟ್ಟು ಓಡಿಸಿದರು. ಹೋದ ಬೆಟ್ಟಸ್ವಾಮಿ ಖಾಲಿ ಕ್ಯಾನಿನ ಸಮೇತ ಹಾಗೆಯೇ ತಿರುಗಿ ಬಂದ.

"ಕಲ್ಲಣ್ಣ, ಯಾವನೋ ನನ್ನ ಗಾಡಿ ಗಾಳಿ ತೆಗ್ದವ್ನೆ. ಟೈರು ನೆಲ ಕಚ್ಚದೆ."

"ಬಿಳಿ ಶರ್ಟಿನೋರು ಒಬ್ರು ಬೆಳಿಗ್ಗೆ ಗಾಡಿ ಗಾಡಿ ಮುಂದೆ ಕೂತ್ಕಂಡು ಟೈರ್ ಮೂಸ್ತಿದ್ರು" ಎಂದ ಶಾಮಿಯಾನದವನು.

"ಇಲ್ಲಿ ಎಲ್ರೂ ಬಿಳಿ ಶರ್ಟೇ ಹಾಕವ್ರಲ್ಲಪ್ಪ" ಎಂದರು ಕಲ್ಲಯ್ಯನವರು.

"ಶರ್ಟ್ ಬುಡಿ, ಕೈ ನೋಡಿ" ಎಂದರು ಸೋದರತ್ತೆ. ಅವರು ಕರಿಕಾಳೊಂದನ್ನು ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದರು.

ಕಲ್ಲಯ್ಯನವರ ಕಣ್ಣು ಕಂಬದ ಹತ್ತಿರ ಬಂದು ನಿಂತಿತು. ದನಿ ತಗ್ಗಿಸಿ ಕೇಳಿದರು: "ಅಳಿಯಂದ್ರೆ, ಒಸಿ ಕೈ ಈಚೆ ತೆಗೀರಿ."

ಪಂಚೆಯ ಮಡಿಕೆಯಿಂದ ಎರಡು ಕರಿ ಅಂಗೈಗಳು ಹೊರಬಂದವು. ಗಂಡಿನ ತಂದೆ ಎಲೆಯ ಮುಂದಿನಿಂದ ಎದ್ದೇಬಿಟ್ಟರು. "ನಮ್ಮ ಕಡೆ ಮದುವೆ ಮನೆ ಮುಂದೆ ಗಾಡಿ ಕಳುವಾದದ್ದೂ ಇಂಗೇಯ. ಮೊದ್ಲು ಒಬ್ಬ ಬಂದು ನೋಡ್ಕಂಡು ಓಯ್ತಾನೆ. ಇವ್ರು ನಿಮ್ಮ ನೆಂಟ್ರಾ ಕಲ್ಲಯ್ಯನೋರೆ?"

ಕಲ್ಲಯ್ಯನವರ ಮುಖ ಬಾಡಿತು. ಮಗಳ ಮದುವೆಯ ದಿನ ಬೀಗರ ಎದುರು ಇಂಥ ಮಾತು. ನಂಜುಂಡೇಶನಿಗೆ ನಿಂತ ನೆಲ ಕುಸಿದರೆ ಸಾಕೆನಿಸಿತು.

"ಹಾಗಲ್ಲ ಸಾರ್, ನಾನು ಟೈರು ಆರಿಸ್ತಿದ್ದೆ" ಎಂದ.

"ಬ್ಯಾರೆಯೋರ ಗಾಡೀಲಾ?" ಎಂದ ಬೆಟ್ಟಸ್ವಾಮಿ.

ತನ್ನ ಮಾತು ತನಗೇ ಎಷ್ಟು ಕಳ್ಳನ ಮಾತಿನಂತೆ ಕೇಳಿಸಿತೆಂದರೆ, ಆ ಕ್ಷಣ ನಂಜುಂಡೇಶನಿಗೆ ನಂಜುಂಡೇಶನ ಮೇಲೇ ಅನುಮಾನ ಬಂತು.

ಪಾಯಸ ಬಡಿಸುತ್ತಿದ್ದ ನಯನ ಸೌಟು ಹಿಡಿದೇ ಗಂಡಿನ ತಂದೆಯ ಮುಂದೆ ಬಂದಳು. "ಮಾವ, ನೀವು ಕೂತ್ಕೊಳಿ. ಇವರು ನನ್ನ ಯಜಮಾನ್ರು. ಗಾಳಿ ತೆಗೆದಿರಬಹುದು, ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ ಕದಿಯೋರು ಮಾತ್ರ ಅಲ್ಲ. ಒಂದು ಟೈರನ್ನ ನೀವು ಪುಕ್ಕಟೆ ಕೊಟ್ಟು ನೋಡಿ, ಏನು ಕೆಟ್ಟಿದೆ ಅಂತ ಕೊಡ್ತಿದೀರಿ ಅಂತ ಕೇಳ್ತಾರೆ. ಟೀ ಕೊಟ್ಟರೆ ಕುಡಿಯಲ್ಲ. ನನ್ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಕೊಟ್ಟರೆ, ಇದನ್ನ ಹುಡುಗೀನೇ ಮಾಡಿದ್ದಾ ಅಂತ ನಮ್ಮಮ್ಮನ್ನ ಎರಡು ಸಲ ಕೇಳಿದ್ರು. ಇಂಥೋರು ಎಲ್ಲಿ ಕಳ್ಳತನ ಮಾಡ್ತಾರೆ? ಕದ್ದ ಮಾಲನ್ನೂ ನಂಬಲ್ಲ ಇವರು."

ಗಂಡಿನ ತಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಎಲೆಯ ಮುಂದೆ ಕೂತರು. ಪಂಕ್ತಿಯೇ ನಕ್ಕಿತು. ಸೋದರತ್ತೆ ಸೆರಗಿನ ಗಂಟು ಬಿಚ್ಚಿ ಕರಿಕಾಳನ್ನು ಎಸೆದರು.

ಶಿಕ್ಷೆ ಮಾತ್ರ ತಪ್ಪಲಿಲ್ಲ. ಎದುರಿನ ಸೈಕಲ್ ಶಾಪಿನಿಂದ ಪಂಪು ಬಂತು. ವಾಲ್ವಿನಲ್ಲಿ ಸಿಕ್ಕಿಕೊಂಡಿದ್ದ ಪಿನ್ನನ್ನು ಸೈಕಲ್ ಶಾಪಿನವನು ಸರಿಮಾಡಿಕೊಟ್ಟ. ನಂಜುಂಡೇಶ ಜರಿಪಂಚೆಯಲ್ಲಿ ನಿಂತು ಗಾಳಿ ಹೊಡೆದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಬೆಟ್ಟಸ್ವಾಮಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹೆಬ್ಬೆರಳಿನಿಂದ ಟೈರು ಅಮುಕಿ ನೋಡುತ್ತಿದ್ದ.

"ಸಾಕಾ?"

"ನಂಗ್ಯಾಕೋ ಅನುಮಾನ ಸಾ. ಇನ್ನೊಂದೀಟು ಒಡೀರಿ."

ಮರುದಿನ ನಯನ ಗಂಡನನ್ನು ಕರೆದುಕೊಂಡು ತಾನೇ ತಿಮ್ಮಯ್ಯನ ಅಂಗಡಿಗೆ ಹೋದಳು. "ಅಣ್ಣ, ಮಳೇಲಿ ಜಾರದೇ ಇರೋದು ಯಾವುದು?" ಎಂದು ಕೇಳಿದಳು. "ಇದು ಕಣಕ್ಕ" ಎಂದ ತಿಮ್ಮಯ್ಯ. "ಹಾಕಿ" ಎಂದಳು. ಇಷ್ಟು ಬೇಗ ಮುಗಿಯುವ ಕೆಲಸದಲ್ಲಿ ಏನೋ ಐಬು ಇರಲೇಬೇಕೆಂದು ನಂಜುಂಡೇಶನಿಗೆ ಬಲವಾಗಿ ಅನಿಸಿತು. ಆದರೂ ಬಂದ ಟೀಯನ್ನು ಕಣ್ಣು ಮುಚ್ಚಿ ಕುಡಿದ. ನಯನ ಬೈಕಿನ ಹಿಂದೆ ಕೂತು ಮನೆಗೆ ಬಂದಳು.

ಮುಂದಿನ ವರ್ಷ ಕಲ್ಲಯ್ಯನವರು ಎರಡನೇ ಮಗಳ ಮದುವೆಗೆ ಕರೆಯಲು ಬಂದರು. ಲಗ್ನಪತ್ರಿಕೆ ಕೊಟ್ಟು, ಕುರ್ಚಿ ಹತ್ತಿರ ಎಳೆದುಕೊಂಡರು.

"ಅಳಿಯಂದ್ರೆ, ಈ ಸಲ ಊಟದ ಉಸ್ತುವಾರಿ ಬೆಟ್ಟಸ್ವಾಮಿದು. ಗಾಡಿ ನಿಲ್ಸೋ ಕಡೆ ಉಸ್ತುವಾರಿ ನೀವೇ ವಯ್ಸ್ಕಬೇಕು. ನಿಮ್ಮಷ್ಟು ಅನುಮಾನದ ಕಣ್ಣು ನಮ್ಮ ನೆಂಟ್ರಲ್ಲೇ ಇನ್ಯಾರಿಗೂ ಇಲ್ಲ. ನೀವು ನಿಂತ್ರೆ ಒಂದು ನರಪಿಳ್ಳೆ ಗಾಡಿ ಮುಟ್ಟಂಗಿಲ್ಲ."

ನಂಜುಂಡೇಶನ ಎದೆ ಉಬ್ಬಿತು. ಕೊನೆಗೂ ತನ್ನ ಬೆಲೆ ಹೆಮ್ಮಿಗೆಯವರಿಗೆ ತಿಳಿಯಿತು. "ಅದನ್ನ ನನಗೆ ಬಿಡಿ ಮಾವ. ನೀವು ನಿಶ್ಚಿಂತೆಯಿಂದ ಇರಿ" ಎಂದ.

ಕಾಫಿ ತಂದ ನಯನ ಚಿಕ್ಕಪ್ಪನ ಕೈಗೆ ಲೋಟ ಕೊಡುತ್ತಾ ಕೇಳಿದಳು: "ಅಲ್ಲ ಚಿಕ್ಕಪ್ಪ, ಗಾಡಿಗಳನ್ನೇನೋ ಇವರು ನೋಡ್ಕೋತಾರೆ. ಇವರನ್ನ ಯಾರು ನೋಡ್ಕೊಳ್ಳೋದು?"

ಕಲ್ಲಯ್ಯನವರು ಕಾಫಿ ಊದಿ ಒಂದು ಗುಟುಕು ಕುಡಿದರು.

"ಅದುಕ್ಕೂ ಆವತ್ತಿನ ಶಾಮಿಯಾನದೋನ್ನೇ ಗೊತ್ತು ಮಾಡಿವ್ನಿ ಕಣವ್ವ. ನೀನೇನೂ ಯೋಚ್ನೆ ಮಾಡ್ಬ್ಯಾಡ."