ಮಾಲತಿ ಮೇಡಂ ಮೊಣಕಾಲು

ಬೆಳಿಗ್ಗೆ ಮಾಲತಿ ಮೇಡಂ ಚಹಾದ ಲೋಟ ಬಾಯಿಗಿಡುವ ಹೊತ್ತಿಗೆ ನಾಯಿ ಬಂದು ಅವರ ಮೊಣಕಾಲಿನ ಮೇಲೆ ಮುಂಗಾಲಿಟ್ಟಿತು. ಆ ದಿನದ ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ನಾಯಿಯ ಹೆಸರು ಬೆಲ್ಲ, ಬಣ್ಣವೂ ಅದೇ. ಮೇಡಂ ವಾರ್ಡನ್ ಆಗಿದ್ದ ಹೊನ್ನಾವರದ ವಿದ್ಯಾರ್ಥಿನಿ ನಿಲಯಕ್ಕೆ ಅದು ಹಿಂದಿನ ಸಂಜೆಯಷ್ಟೇ ರಂಜಿತಾಳ ಜೊತೆ ಬಂದಿತ್ತು. ರಂಜಿತಾ ಭಟ್ಕಳದ ಕಡೆ ತೆಂಗಿನಗುಂಡಿಯವಳು. ಚಿಕ್ಕಂದಿನ ಜ್ವರದಲ್ಲಿ ಎರಡೂ ಕಿವಿ ಹೋಗಿದ್ದವು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾಳೆ, ತುಸು ಒತ್ತಿ ಒತ್ತಿ ಮಾತಾಡುತ್ತಾಳೆ. ಬಾಗಿಲು ಬಡಿದದ್ದು, ಕುಕ್ಕರ್ ಕೂಗಿದ್ದು, ಅಲಾರಾಂ ಹೊಡೆದದ್ದು ಅವಳಿಗೆ ತಿಳಿಸುವುದು ಬೆಲ್ಲದ ಕೆಲಸ. ಬೊಗಳುವುದಿಲ್ಲ, ಬಂದು ಮುಟ್ಟುತ್ತದೆ, ಸದ್ದು ಬಂದ ಕಡೆ ಕರೆದೊಯ್ಯುತ್ತದೆ. ಬೀದಿಯಲ್ಲಿ ಸಿಕ್ಕ ಮರಿಗೆ ಇಷ್ಟನ್ನೂ ಕಲಿಸಿದವಳು ರಂಜಿತಾಳೇ.

ಕಳೆದ ವರ್ಷ ಬೇರೊಂದು ನಿಲಯದಲ್ಲಿ ನಾಯಿ ಬೇಡವೆಂದಿದ್ದರಿಂದ ಅವಳು ಒಬ್ಬಳೇ ಇದ್ದಳು. ಒಮ್ಮೆ ಎಷ್ಟು ಬಡಿದರೂ ಬಾಗಿಲು ತೆಗೆಯಲಿಲ್ಲವೆಂದು ಗಾಬರಿಯಾದವರು ಬಾಗಿಲು ಮುರಿದು ನುಗ್ಗಿದರು. ಅವಳು ಒಳಗೆ ಕೂತು ಓದುತ್ತಿದ್ದಳು. ಬಾಗಿಲು ಮುರಿದ ಬೆನ್ನಿಗೇ ಅವಳನ್ನು ಮನೆಗೆ ಕಳಿಸಿದರು, ಓದಿನ ಒಂದು ವರ್ಷ ಹೋಯಿತು. ಇಲ್ಲಿಯೂ ಜಾಗ ತಪ್ಪಿದರೆ ಓದು ಬಿಟ್ಟಂತೆಯೇ.

"ಒಂದು ದಿನ ಇಟ್ಟು ನೋಡಿ ಮೇಡಂ. ನಾಳೆ ಸಂಜೆ ನಾನು ಬರ್ತೇನೆ. ನೀವು ಬೇಡ ಅಂದ್ರೆ ಬೇಡ," ಎಂದಿದ್ದರು ಆಡಳಿತ ಮಂಡಳಿಯ ಅಧ್ಯಕ್ಷ ಕೃಷ್ಣಾನಂದ. ಅವರು ಬಾಯಿ ತೆರೆದರೆ ಶರಾವತಿ ಸೇತುವೆಯ ಆಚೆ ಕಾಸರಕೋಡಿನಲ್ಲಿ ಬಲೆ ಹೆಣೆಯುವವರೂ ತಲೆಯೆತ್ತಬೇಕು. ಮಾಲತಿ ಮೇಡಂಗೆ ಅವರ ಮೇಲೆ ಗೌರವವಿದ್ದದ್ದು ಆ ಕಾರಣಕ್ಕೇ. ಈಚೀಚೆಗೆ ಎಲ್ಲರೂ ಮಾತನ್ನು ಬಾಯೊಳಗೇ ನುಂಗುತ್ತಾರೆ, ಬಿಡಿಸಿ ಹೇಳುವವರು ಊರಿಗೆ ಅವರೊಬ್ಬರೇ ಎಂದು ಮೇಡಂ ಅಭಿಪ್ರಾಯ.

ಮೇಡಂ ಕೆಟ್ಟವರಲ್ಲ. ನೆಲ ಒರೆಸುವುದರಿಂದ ಹಿಡಿದು ಹುಡುಗಿಯರ ಜ್ವರದವರೆಗೆ ಎಲ್ಲವನ್ನೂ ಒಬ್ಬರೇ ನಿಭಾಯಿಸಿಕೊಂಡು ಬಂದವರು. ಆದರೆ ನಾಯಿಯೆಂದರೆ ಪ್ರಾಣಭಯ. ಆದ್ದರಿಂದ ಸಂಜೆಯೊಳಗೆ ನಾಯಿಯ ಮೇಲೆ ಗಟ್ಟಿಯಾದ ದೂರು ಸಿದ್ಧಮಾಡಬೇಕೆಂದು ನಿಶ್ಚಯಿಸಿದ್ದರು. ದೂರು ತಾನಾಗಿ ನಡೆದು ಬಂದು ಮೊಣಕಾಲು ಮುಟ್ಟಿತ್ತು.

ಮೇಡಂ ಚಹಾ ಚೆಲ್ಲಿ ಕುರ್ಚಿ ಹತ್ತಿದರು. ಅಡುಗೆ ಮಾಡುವ ಬಂಗಾರಿ ಒಳಗಿನಿಂದ ಓಡಿ ಬಂದಳು.

"ಎಂತ ಆತು ಮೇಡಂ? ಗ್ಯಾಸ್ ಮೇಲೆ ಹಾಲು ಉಕ್ತಾ ಇದೆ, ನನ್ ಕೈ ಹಿಟ್ಟಲ್ಲಿದೆ, ಬನ್ನಿ ಬನ್ನಿ ಅಂತ ಎಷ್ಟು ಕೂಗ್ದೆ! ಹಾಲೆಲ್ಲ ಹೋತು!"

"ಹಾಲು ಹಾಳಾಗ್ಲಿ! ಇದು ನನ್ ಕಾಲು ಹಿಡಿಯೂಕೆ ಬಂತಲೇ!"

ಪಕ್ಕದ ಮನೆಯ ಮಾಸ್ತಮ್ಮನ ತಲೆ ಕಾಂಪೌಂಡ್ ಗೋಡೆಯ ಮೇಲೆ ಮೂಡಿತು. ಆ ಬೀದಿಯಲ್ಲಿ ಸೂರ್ಯನಾದರೂ ಒಂದು ದಿನ ತಡವಾಗಿ ಮೂಡಿಯಾನು, ಆ ತಲೆ ಮಾತ್ರ ತಡಮಾಡದು.

"ಕಾಲು ಮುಟ್ತು ಅಂದ್ರೆ ಅಳತೆ ತಗಳ್ತಾ ಇದೆ ಮಾರಾಯ್ತಿ," ಎಂದಳು ಮಾಸ್ತಮ್ಮ. "ಕಚ್ಚೂದು ಆಮೇಲೆ."

ರಂಜಿತಾ ಕಾಲೇಜಿಗೆ ಹೊರಟಳು. ತರಗತಿಯಲ್ಲಿ ಪಕ್ಕಕ್ಕೆ ಗೆಳತಿಯರಿರುತ್ತಾರೆ; ಬೆಲ್ಲ ಬೇಕಾಗುವುದು ನಿಲಯದಲ್ಲಿ. ಅವಳು ಅದನ್ನು ಜಗಲಿಯಲ್ಲಿ ಕೂರಿಸಿ, ಮೇಡಂ ಎದುರಿಗೆ ನಿಂತು, "ಅದು ಯಾರಿಗೂ ಎಂತ ಮಾಡೂದಿಲ್ಲ ಮೇಡಂ," ಎಂದು ಹೋದಳು. ಹೋಗುವಾಗ ಮೇಡಂ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು.

ಹೊತ್ತೇರಿತು. ಮೇಡಂ ಜಗಲಿಯಲ್ಲಿ ಬಟಾಟೆ ಹೆಚ್ಚುತ್ತಿದ್ದರು. ವಾರದಿಂದ ನಿಲಯಕ್ಕೆ ಮೀನಿರಲಿಲ್ಲ. ಸ್ಕೂಟರಿನಲ್ಲಿ ಮೀನು ತರುವ ಬೀರ ಗೇಟಿನ ಹೊರಗೆ ಹಾರ್ನ್ ಹೊಡೆದು, ಯಾರೂ ಬಾರದಿದ್ದರೆ ಮುಂದಿನ ಬೀದಿಗೆ ಹೋಗುವವನು. ರುಬ್ಬುವ ಯಂತ್ರದ ಸದ್ದಿನಲ್ಲಿ ಬಂಗಾರಿಗೆ ಹಾರ್ನ್ ಕೇಳುವುದಿಲ್ಲ. ಬೀರ ಹಾರ್ನ್ ಹೊಡೆಯುವುದನ್ನೇ ಬಿಟ್ಟಿದ್ದಾನೆಂದು ಮೇಡಂ ವಾರದಿಂದ ಬಯ್ಯುತ್ತಿದ್ದರು.

ಮಲಗಿದ್ದ ಬೆಲ್ಲ ಎದ್ದಿತು. ಮೇಡಂ ಮುಖ ನೋಡಿತು. ಬಂದು ಮೊಣಕಾಲಿನ ಮೇಲೆ ಕಾಲಿಟ್ಟಿತು.

ಈ ಸಲ ಕುರ್ಚಿ ದೂರವಿತ್ತು. ಮೇಡಂ ಅಂಗಳಕ್ಕೆ ಹಾರಿ ಓಡಿದರು. ಬೆಲ್ಲಕ್ಕೆ ಸಂತೋಷವಾಯಿತು, ಇಷ್ಟು ಬೇಗ ಮಾತು ಕೇಳುವವರನ್ನು ಅದು ಕಂಡಿರಲಿಲ್ಲ. ಬಾಲ ಆಡಿಸುತ್ತ ಅದೂ ಓಡಿತು. ಮೇಡಂ ಗೇಟು ದಾಟಿ ಬೀರನ ಸ್ಕೂಟರಿನ ಮುಂದೆ ಎರಡೂ ಕೈ ಚಾಚಿ ನಿಂತರು.

"ಮೇಡಮ್ಮ, ನಾ ಹೊರಟೇ ಬಿಟ್ಟಿದ್ದೆ," ಎಂದ ಬೀರ. "ದಿನಾ ಹಾರ್ನ್ ಹೊಡ್ದು ಹೊಡ್ದು ರಬ್ಬರೇ ಸವೀತು. ಇವತ್ತು ಓಡೇ ಬಂದ್ರಲೇ! ಬಂಗಡೆ ಒಳ್ಳೇದಿದೆ, ಕೊಡ್ಲಾ?"

ಏದುಸಿರಿನಲ್ಲಿ ಮೇಡಂ ಬಂಗಡೆ ಕೊಂಡರು. ಗೋಡೆಯ ಮೇಲಿನ ತಲೆ ತೀರ್ಪು ಕೊಟ್ಟಿತು: "ಅದಕ್ಕೆ ಮೀನಿನ ಆಸೆ. ಅದಕ್ಕೇ ನಿಮ್ಮನ್ನ ಅಟ್ಟಿಸ್ಕಂಡು ಬಂದದ್ದು."

ಪರೀಕ್ಷೆಗೆಂದು ಬಂಗಾರಿ ಒಂದು ಮೀನಿನ ತಲೆ ಎಸೆದಳು. ಬೆಲ್ಲ ಅದರತ್ತ ಕಣ್ಣೂ ಹಾಯಿಸದೆ ಜಗಲಿಗೆ ಹೋಗಿ ಮಲಗಿತು. ಕಾಸರಕೋಡಿನ ತಾಜಾ ಬಂಗಡೆಯ ತಲೆ! ಮನುಷ್ಯರೇ ಬಿಡದ ವಸ್ತು.

"ಹಾಂಗಾದ್ರೆ ಹೊಟ್ಟೆ ಕೆಟ್ಟಿದೆ," ಎಂದಳು ಮಾಸ್ತಮ್ಮ. "ಹೊಟ್ಟೆ ಕೆಟ್ಟ ನಾಯಿ ಇನ್ನೂ ಅಪಾಯ."

ಊಟದ ನಂತರ ಮೇಡಂ ಆಫೀಸು ಕೋಣೆಯಲ್ಲಿ ಮೇಜಿನ ಮೇಲೇ ಹತ್ತಿ ಕೂತರು. ಬೆಲ್ಲ ಬಂದು ಮೇಜಿಗೆ ಕಾಲಿಟ್ಟು ನೋಡಿತು, ಮೂಲೆಯ ಕಪಾಟಿಗೆ ಹೋಗಿ ಮೂಗು ತಾಗಿಸಿತು, ಮತ್ತೆ ಬಂತು. ಎಷ್ಟು ಓಡಿಸಿದರೂ ಬೇಸರಿಸಲಿಲ್ಲ. ಮೇಡಂ ಮಾತ್ರ ಸಂಜೆಯವರೆಗೆ ದೇವರ ಮಂಟಪದ ಮೂರ್ತಿಯಂತೆ ಮೇಜಿನಿಂದ ಇಳಿಯಲಿಲ್ಲ.

ಸಂಜೆ ಕೃಷ್ಣಾನಂದರು ಕೋಪದಲ್ಲಿ ಬಂದರು. "ಎಂತ ಮೇಡಂ ಇದು? ಮಧ್ಯಾಹ್ನದಿಂದ ಫೋನು ಮಾಡ್ತಾ ಇದ್ದೇನೆ, ಎತ್ತೂದಿಲ್ಲ ನೀವು!"

"ನೀವೂ ನಿನ್ನೆ ನನ್ ಫೋನು ಎತ್ಲಿಲ್ಲ ಸರ್. ಇರ್ಲಿ. ಈ ನಾಯಿ ನನ್ನ ಬದುಕೂಕೆ ಬಿಡೂದಿಲ್ಲ."

ಜಗಲಿಯಲ್ಲಿ ಸಭೆ ಸೇರಿತು. ಮೇಡಂ ಬೆಳಗಿನಿಂದ ನಡೆದದ್ದನ್ನೆಲ್ಲ ಬಿಡಿಸಿ ದೂರು ಹೇಳಿದರು: ಹುಡುಗಿಯರು ಇಷ್ಟು ಜನ ಇದ್ದಾರೆ, ಬಂಗಾರಿ ಇದ್ದಾಳೆ, ಯಾರನ್ನೂ ಮುಟ್ಟುವುದಿಲ್ಲ, ತನ್ನನ್ನೇ ಹುಡುಕಿಕೊಂಡು ಬರುತ್ತದೆ. ರಂಜಿತಾ ಬೆಲ್ಲದ ಕುತ್ತಿಗೆಗೆ ಕೈಹಾಕಿ ಮೇಡಂ ತುಟಿಯನ್ನೇ ನೋಡುತ್ತಿದ್ದಳು. ಅವಳ ಬಟ್ಟೆಯ ಚೀಲ ಕೋಣೆಯಲ್ಲಿ ಇನ್ನೂ ಬಿಚ್ಚಿರಲಿಲ್ಲ.

"ಹಾಂಗಾದ್ರೆ ನಾಯಿ ಬೇಡ. ಆತು," ಎಂದರು ಕೃಷ್ಣಾನಂದರು.

"ಒಂದು ನಿಮಿಷ ಸರ್," ಎಂದಳು ರಂಜಿತಾ. "ಬಂಗಾರಕ್ಕ, ಮೇಡಂಗೆ ಒಂದು ಫೋನು ಮಾಡಿ."

ಬಂಗಾರಿ ಮಾಡಿದಳು. ಆಫೀಸಿನ ಕಪಾಟಿನೊಳಗೆ ಫೋನು ಭಜನೆ ಹಾಡತೊಡಗಿತು. ಹುಡುಗಿಯರೆಲ್ಲ ಅತ್ತ ತಿರುಗಿದರು, ಗೋಡೆಯ ಮೇಲಿನ ತಲೆಯೂ ತಿರುಗಿತು. ಮೇಡಂ ಮಾತ್ರ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದರು. ಬೆಲ್ಲ ಎದ್ದಿತು, ಸುತ್ತ ಎಲ್ಲರ ಮುಖ ನೋಡಿತು, ನೇರ ಬಂದು ಮೇಡಂ ಮೊಣಕಾಲಿನ ಮೇಲೆ ಕಾಲಿಟ್ಟಿತು.

"ನೋಡಿ! ನೋಡಿ! ನಾ ಹೇಳ್ಲಿಲ್ವಾ!" ಎಂದು ಮೇಡಂ ಕೂಗಿದರು. ಎಲ್ಲರೂ ಅವರತ್ತಲೇ ತಿರುಗಿದರು. "ಎಂತಕ್ಕೆ ಎಲ್ಲಾ ನನ್ನೇ ನೋಡ್ತೀರಿ?"

ರಂಜಿತಾ ಅವರ ಎದುರು, ಮುಖ ಕಾಣುವ ಹಾಗೆ, ನೆಲದ ಮೇಲೆ ಕೂತಳು. "ಮೇಡಂ, ನಮ್ಮನೇಲಿ ಅಜ್ಜಿಗೂ ಕಿವಿ ಮಂದ. ಸದ್ದಾದಾಗ ಯಾರ ತಲೆ ತಿರುಗೂದಿಲ್ವೋ ಅವ್ರಿಗೆ ಹೇಳೂದು ಅಂತ ಬೆಲ್ಲ ಕಲ್ತಿದೆ. ಹಾಲಿಗೂ, ಬೀರಣ್ಣನ ಹಾರ್ನಿಗೂ, ಫೋನಿಗೂ ನಿಮ್ಮನ್ನ ಕರೀತು. ನೀವೂ ನನ್ ಹಾಗೆ ತುಟಿ ನೋಡೇ ಮಾತು ತಿಳ್ಕಳ್ತೀರಿ. ನಿನ್ನೇನೇ ನಂಗೆ ಗೊತ್ತಾಯ್ತು."

ವಾರದ ಬಟಾಟೆ, ಮಾತು ನುಂಗುವ ಹುಡುಗಿಯರು, ಹಾರ್ನ್ ಹೊಡೆಯದ ಬೀರ ಎಲ್ಲ ಒಂದೊಂದಾಗಿ ಮೇಡಂ ಕಣ್ಣಮುಂದೆ ಬಂದಂತಾಯಿತು. ಆಮೇಲೆ ಎರಡು ಬೆರಳಿನಿಂದ, ಬಿಸಿ ದೋಸೆ ಮುಟ್ಟುವಂತೆ, ನಾಯಿಯ ತಲೆ ಮುಟ್ಟಿದರು.

"ಬೀದಿ ನಾಯಿ," ಎಂದರು. "ನಂಗೇ ಗೊತ್ತಿಲ್ಲದ್ದು ಇದಕ್ಕೆ ಗೊತ್ತಾಯ್ತಲೇ. ಇರ್ಲಿ ಸರ್. ಇಲ್ಲೇ ಇರ್ಲಿ."

ಕೃಷ್ಣಾನಂದರು ಗಂಟಲು ಸರಿಮಾಡಿಕೊಂಡರು. "ನಾಯಿ ಇರ್ಲಿ. ಆದ್ರೆ ನೀವು? ಕಿವಿ ಕೇಳದವ್ರು ವಾರ್ಡನ್ ಆಗೂದು ಹೇಗೆ ಮೇಡಂ? ಮಂಡಳಿಗೆ ನಾನೆಂತ ಹೇಳ್ಲಿ? ಜವಾಬ್ದಾರಿ ಅನ್ನೂದು..."

ಅವರು ಮುಂದುವರಿಸುತ್ತಲೇ ಇದ್ದರು. ಅವರ ಅಂಗಿಯ ಕಿಸೆಯಲ್ಲಿ ಫೋನೂ ತನ್ನ ಹಾಡನ್ನು ಮುಂದುವರಿಸುತ್ತಲೇ ಇತ್ತು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಬೆಲ್ಲ ಎದ್ದಿತು. ಮೇಡಂ ಅಭ್ಯಾಸಬಲದಿಂದ ಮೊಣಕಾಲು ಮುಂದೆ ಚಾಚಿದರು. ಬೆಲ್ಲ ಒಂದು ಕಾಲನ್ನು ಅದರ ಮೇಲೆ ಊರಿ ತಿಳಿಸಿ, ಮುಂದೆ ನಡೆದು, ಅಧ್ಯಕ್ಷರ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಮೇಲೆ ಇನ್ನೊಂದು ಕಾಲಿಟ್ಟಿತು.

ಜವಾಬ್ದಾರಿ ಅಲ್ಲಿಗೇ ನಿಂತಿತು.

ಹುಡುಗಿಯರು ಒಳಗೆ ಹೋದ ಮೇಲೆ ಕೃಷ್ಣಾನಂದರು ಕುರ್ಚಿಯನ್ನು ಮೇಡಂ ಹತ್ತಿರ ಎಳೆದು, ಕೈ ಅಡ್ಡ ಹಿಡಿದು, ಗುಟ್ಟಾಗಿ ಹೇಳಿದರು: "ನಿಮ್ ಕೆಲ್ಸಕ್ಕೆ ಎಂತದೂ ತೊಂದ್ರೆ ಇಲ್ಲ. ನಾಳೆ ಕುಮಟೆಗೆ ಹೋಗಿ ಇಬ್ರೂ ಕಿವಿ ತೋರಿಸ್ಕಂಡು ಬರೋಣ. ನಮ್ಮಿಬ್ರಲ್ಲೇ ಇರ್ಲಿ. ಯಾರಿಗೂ ಗೊತ್ತಾಗೂದು ಬೇಡ!"

"ನಾನು ಉಸಿರೆತ್ತೂದಿಲ್ಲ ಸರ್!" ಎಂದು ಮೇಡಂ ಅಷ್ಟೇ ಗುಟ್ಟಾಗಿ ಉತ್ತರಿಸಿದರು.

ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. ಎದುರು ಮನೆಯ ಕಿಟಕಿ ತೆರೆಯಿತು.

"ಕುಮಟೆಗೆ ಎಂತಕ್ಕೆ?" ಗೋಡೆಯ ಮೇಲಿನಿಂದ ಮಾಸ್ತಮ್ಮ ಕೂಗಿದಳು. "ಇಲ್ಲೇ ಬಸ್ ಸ್ಟ್ಯಾಂಡ್ ಹತ್ರ ಕಿವಿ ಡಾಕ್ಟ್ರಿದ್ದಾರೆ, ನಮ್ಮನೆಯವ್ರಿಗೂ ಅವ್ರೇ ನೋಡಿದ್ದು!"

ಜಗಲಿಯಲ್ಲಿ ಕೂತ ಇಬ್ಬರೂ, ಗುಟ್ಟು ಉಳಿಯಿತೆಂಬ ಸಮಾಧಾನದಲ್ಲಿ, ತಲೆಯಾಡಿಸುತ್ತ ಚಹಾ ಕುಡಿಯುತ್ತಿದ್ದರು. ಆಗಷ್ಟೇ ಕಣ್ಣು ಮುಚ್ಚಿದ್ದ ಬೆಲ್ಲ ಒಂದು ನಿಟ್ಟುಸಿರು ಬಿಟ್ಟು ಮತ್ತೆ ಎದ್ದಿತು.