ಬರಬೇಡಿ ಎಂಬ ಶಿಕ್ಷೆ

ಹೆಂಡತಿ: ಅವರು ಇಲ್ಲಿಗೆ ಬಂದಿದ್ದಾದ್ರೂ ಯಾವಾಗ್ರೀ, ಈಗ ಬರಬೇಡಿ ಅಂತ ಆಜ್ಞೆ ಹೊರಡಿಸೋಕೆ?

ಗಂಡ ವಾರ್ಡಿನ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ವಿದೇಶಾಂಗ ಇಲಾಖೆಯ ಅಧಿಕಾರಿ ಅವನು. ಪಕ್ಕದ ದೇಶದ ಸರ್ಕಾರ ಸಂಬಳ ಕೊಟ್ಟು ಸಾಕಿದ್ದ ಹ್ಯಾಕರುಗಳು ಈ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಬೀಗ ಜಡಿದಿದ್ದರು. ಸ್ಕ್ಯಾನಿಂಗ್ ಚಿತ್ರಗಳೇ ತೆರೆಯದೆ, ಅವನ ಅತ್ತೆಯ ಕಿಡ್ನಿ ಕಲ್ಲಿನ ಆಪರೇಷನ್ನು ಮುಂದಕ್ಕೆ ಹೋಗುತ್ತಲೇ ಇತ್ತು. ಆ ಹ್ಯಾಕರುಗಳು ಇನ್ನು ಈ ದೇಶಕ್ಕೆ ಕಾಲಿಡುವಂತಿಲ್ಲ ಎಂದು ಇಲ್ಲಿನ ಸರ್ಕಾರ ಇವತ್ತು ನಿರ್ಬಂಧ ಹೇರಿತ್ತು. ಆದೇಶ ಬರೆದವನು ಇವನೇ. ಶಹಬ್ಬಾಸ್ ಅನ್ನಿಸಿಕೊಳ್ಳೋಣವೆಂದು ಆಫೀಸಿನಿಂದ ಸೀದಾ ಇಲ್ಲಿಗೇ ಬಂದಿದ್ದ.

ಗಂಡ: ಬರೀ ಬರಬೇಡಿ ಅಂತಲ್ಲ ಕಣೇ. ನಮ್ಮ ಬ್ಯಾಂಕುಗಳಲ್ಲಿ ಅವರ ದುಡ್ಡಿದ್ರೆ ಇನ್ಮೇಲೆ ಮುಟ್ಟೋ ಹಾಗಿಲ್ಲ.

ಹೆಂಡತಿ: ಇದೆಯಾ?

ಗಂಡ: ಇದ್ರೆ.

ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅತ್ತೆ ಮೆಲ್ಲಗೆ ಈ ಕಡೆ ಹೊರಳಿದರು.

ಅತ್ತೆ: ಅಂದ್ರೆ ಅಳಿಯಂದಿರೇ, ಮನೇಲಿ ಕೂತು ಕೆಟ್ಟ ಕೆಲಸ ಮಾಡಿದವರಿಗೆ, ಮನೇಲೇ ಕೂತಿರಿ ಅಂದ್ರಿ. ಅಷ್ಟೇ ತಾನೆ?

ಅಷ್ಟೇ ಅಲ್ಲವೆಂದು ಗಂಡ ಸಾಕಷ್ಟು ಹೊತ್ತು ವಿವರಿಸಿದ. ಇದು ಇಡೀ ಜಗತ್ತಿಗೆ ಕೊಟ್ಟ ಎಚ್ಚರಿಕೆ, ಹೆಸರುಗಳೆಲ್ಲ ಬಯಲಾದವು, ಇನ್ನು ಯಾರೂ ಬಾಲ ಬಿಚ್ಚುವುದಿಲ್ಲ ಎಂದ. ಹಾಗಾದರೆ ಆ ದೇಶದಿಂದ ಕೊಳ್ಳುವ ಗ್ಯಾಸನ್ನೂ ನಿಲ್ಲಿಸಿದಿರಾ ಎಂದು ಹೆಂಡತಿ ಕೇಳಿದಳು. ಅದಕ್ಕೆ ವಿನಾಯಿತಿ ಕೊಟ್ಟಿದ್ದೇವೆ, ಚಳಿಗಾಲ ಅಲ್ಲವೇ, ಮನೆಗಳು ಬೆಚ್ಚಗಿರಬೇಕಲ್ಲ, ಎಂದ ಅವನು ದನಿ ತಗ್ಗಿಸಿ.

ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಕೇಳುತ್ತ ಕೇಳುತ್ತ ಅವನ ಮುಖ ಅರಳಿತು. ಆ ದೇಶದವರೂ ಸೇಡಿಗೆ ಇಲ್ಲಿನ ಅಧಿಕಾರಿಗಳ ಮೇಲೆ ನಿರ್ಬಂಧ ಹೇರಿದ್ದರು. ಅದರಲ್ಲಿ ಇವನ ಹೆಸರೇ ಮೊದಲು. ಆಫೀಸಿನವರೆಲ್ಲ ಅಭಿನಂದನೆ ಹೇಳಿದರಂತೆ.



ಹೆಂಡತಿ: ಈಗೇನ್ರೀ ಗತಿ?

ಗಂಡ: ಗತಿ ಎಂಥದು? ಆ ದೇಶಕ್ಕೆ ಯಾವನು ಹೋಗ್ತಾನೆ? ಅಲ್ಲಿ ನಮ್ಮದೇನು ಮನೆಯಾ, ಮಠವಾ? ಇಂಥದಕ್ಕೆಲ್ಲ ಹೆದರಿಕೊಂಡ್ರೆ ಆಯ್ತು. ನಾಳೆ ಆಫೀಸಿಗೆ ಹೋಗಿ ಅವರಲ್ಲಿ ಇನ್ನೊಂದಷ್ಟು ಜನರ ಮೇಲೆ ನಿರ್ಬಂಧ ಹೇರ್ತೀನಿ ನೋಡ್ತಿರು.

ಹೇಳಿ ಮುಗಿಸಿ ಗಟ್ಟಿಯಾಗಿ ನಕ್ಕ. ಹೆಂಡತಿ ನಗಲಿಲ್ಲ, ಅವನ ಮುಖವನ್ನೇ ನೋಡಿದಳು. ತಾನಾಡಿದ್ದು ಆಗ ಅವನ ಕಿವಿಗೂ ಬಿತ್ತು; ನಗು ಅರ್ಧಕ್ಕೇ ನಿಂತಿತು.

ಅತ್ತೆ: ನಗಿ ಅಳಿಯಂದಿರೇ, ಪರವಾಗಿಲ್ಲ. ಅಲ್ಲೂ ಒಬ್ಬ ಹೀಗೇ ನಗ್ತಿರ್ತಾನೆ. ಅವನ ಅತ್ತೆಗೆ ಮಾತ್ರ ಆಪರೇಷನ್ ಆಗಿರುತ್ತೆ.