ಬೀಗರ ಎಡಭುಜ

ಅಜ್ಜಂಪುರದ ಹಿಟ್ಟಿನ ಗಿರಣಿಯ ಕಲ್ಲೇಶಪ್ಪನವರು ನಲವತ್ತೇಳನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ರೊಟ್ಟಿಯ ತುಂಡನ್ನು ಎಣ್ಣೆಗಾಯಿಯಲ್ಲಿ ಅದ್ದುತ್ತ, ತಾವು ಮಹಾನಟರಾಗುವುದಾಗಿ ಘೋಷಿಸಿದರು.

"ಈ ಊರಲ್ಲಿ ರಾಜನ ಪಾರ್ಟು ಮಾಡೋ ಗಂಟಲು ಇರೋದು ನನ್ನೊಬ್ಬನಿಗೇ ಕಣೇ" ಎಂದರು.

ಗಂಟಲಿನ ಮಟ್ಟಿಗೆ ಅದು ಉತ್ಪ್ರೇಕ್ಷೆಯಲ್ಲ. ಮೋಟಾರಿನ ಪಕ್ಕ ನಿಂತು 'ರಾಗಿ ಯಾರ್ದು, ಗೋಧಿ ಯಾರ್ದು' ಎಂದು ವರ್ಷಗಟ್ಟಲೆ ಕೂಗಿ, ಅವರ ದನಿ ಒಂದು ಎತ್ತರಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತ್ತು. ಕರೆಂಟು ಹೋಗಿ ಗಿರಣಿ ನಿಂತರೂ ದನಿ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತು ಅವರು ಮೆಲ್ಲಗೆ ಉಪ್ಪು ಕೇಳಿದಾಗ ಪಕ್ಕದ ಮನೆಯ ಕಾಂತಮ್ಮ ಉಪ್ಪು ತಂದುಕೊಟ್ಟದ್ದೂ ಉಂಟು.

"ಗಂಟಲಿದ್ದೋರೆಲ್ಲ ರಾಜ್ರಾಗೋದಾದ್ರೆ ನಮ್ಮ ಕೊಟ್ಟಿಗೇಲಿ ಇಬ್ಬರು ಮಹಾರಾಜರನ್ನ ಕಟ್ಟಾಕಿದೀವಿ" ಎಂದರು ಹೆಂಡತಿ ದಾಕ್ಷಾಯಣಮ್ಮ. "ರೊಟ್ಟಿ ಆರೋಗ್ತೈತೆ, ತಿನ್ನಿ."

ಎಂಬತ್ತೆರಡನೇ ಇಸವಿಯ ಬೇಸಿಗೆ ಅದು. ಮೈಸೂರಿನಿಂದ ಬಂದ ಗಡ್ಡದ ನಿರ್ದೇಶಕರೊಬ್ಬರು ಶಾಲೆಯ ಹಾಲಿನಲ್ಲಿ, ದೊಡ್ಡವರಿಗೆಂದೇ, ಸಂಜೆ ಹೊತ್ತಿನ ನಟನೆಯ ತರಗತಿ ತೆರೆದಿದ್ದರು. ಎರಡು ತಿಂಗಳ ಪಾಠ, ಕೊನೆಗೊಂದು ನಾಟಕ. ನಟನೆಯೆಂದರೆ ಎದೆ ತಟ್ಟಿಕೊಂಡು ಸೂರು ಹಾರುವಂತೆ ಗರ್ಜಿಸುವುದು ಎಂದೇ ತಿಳಿದಿದ್ದ ಕಲ್ಲೇಶಪ್ಪನವರು ಮೊದಲ ದಿನವೇ ಒಂದು ಗರ್ಜನೆ ಒಪ್ಪಿಸಿದರು. ನಿರ್ದೇಶಕರು ಕಿವಿಯಿಂದ ಬೆರಳು ತೆಗೆದರು.

"ಸಾರ್, ದನಿ ಸಾಕು. ಎರಡು ತಾಲ್ಲೂಕಿಗೆ ಸಾಕು. ಇನ್ನು ಬಾಯಿ ಮುಚ್ಚಿಕೊಂಡು ಮೈಗೆ ಕಲಿಸೋಣ."

ಮೈಗೆ ಕಲಿಸುವ ಪಾಠದ ಹೆಸರು ಕನ್ನಡಿ. ಇಬ್ಬರು ಎದುರುಬದುರಾಗಿ ಕೂರಬೇಕು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಅದೇ ಕ್ಷಣದಲ್ಲಿ ಮಾಡಬೇಕು. ಅವನು ಬಲಗೈ ಎತ್ತಿದರೆ ಇವನು ಎಡಗೈ, ಕನ್ನಡಿಯಲ್ಲಿ ಕಾಣುವ ಹಾಗೆ. "ಯೋಚನೆ ಮಾಡಬಾರದು, ಮೈ ತಾನಾಗಿ ಮಾಡಬೇಕು" ಎಂದರು ನಿರ್ದೇಶಕರು. "ಮನೆ, ಅಂಗಡಿ, ಬಸ್ಸು, ಎಲ್ಲಾದರೂ ಸರಿ, ಎದುರಿಗೆ ಸಿಕ್ಕವರಿಗೆಲ್ಲ ಕನ್ನಡಿಯಾಗಿ. ಅವರಿಗೆ ಗೊತ್ತಾಗಬಾರದು, ಅಷ್ಟೇ."

ಕಲ್ಲೇಶಪ್ಪನವರು ಯಾವ ಕೆಲಸವನ್ನೂ ತರಿತರಿಯಾಗಿ ಬಿಟ್ಟವರಲ್ಲ. ಮರುದಿನ ಬುಕ್ಕಾಂಬುಧಿಯ ಯಲ್ಲಮ್ಮ ರಾಗಿ ಮೂಟೆ ಇಳಿಸಿ ತಲೆ ಕೆರೆದುಕೊಂಡಳು. ಕಲ್ಲೇಶಪ್ಪನವರು ತಲೆ ಕೆರೆದುಕೊಂಡರು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಇವರು ಟವೆಲಿನಲ್ಲಿ ಒರೆಸಿಕೊಂಡರು. ಅವಳು ಸೊಂಟದ ಮೇಲೆ ಕೈಯಿಟ್ಟು ಇವರನ್ನೇ ನೋಡಿದಳು. ಇವರ ಕೈಯೂ ಸೊಂಟಕ್ಕೆ ಹೋಯಿತು.

"ಸಾವ್ಕಾರ್ರೇ, ಹೇನಾಗಿದ್ರೆ ಸೀತಾಫಲದ ಬೀಜ ಅರೆದು ಹಚ್ಚಿ. ನೆಗಡಿಯಾಗಿದ್ರೆ ಮೆಣಸಿನ ಸಾರು ಕುಡೀರಿ. ಎಲ್ಲಾ ಒಟ್ಟಿಗೇ ಬಂದಿದ್ರೆ ನಂಗೊತ್ತಿಲ್ಲ" ಎಂದಳು ಯಲ್ಲಮ್ಮ.

ಆ ವಾರ ಅವರು ಮಠಕ್ಕೆ ಹೋದರು. ನಮಸ್ಕರಿಸಿ ಎದ್ದವರನ್ನು ನೋಡಿ ಸ್ವಾಮಿಗಳು ನಗುತ್ತ ಬಲಗೈ ಎತ್ತಿ ಹರಸಿದರು. ಕಲ್ಲೇಶಪ್ಪನವರೂ ನಗುತ್ತ ಎಡಗೈ ಎತ್ತಿ ಸ್ವಾಮಿಗಳನ್ನು ಹರಸಿದರು. ಹಿಂದೆ ಸಾಲಿನಲ್ಲಿ ನಿಂತಿದ್ದ ಭಕ್ತರು ಉಸಿರು ಬಿಗಿಹಿಡಿದರು. ಸ್ವಾಮಿಗಳು ಮಾತ್ರ ಗಂಭೀರವಾಗಿ, "ಕಲ್ಲೇಶಪ್ಪನವರೇ, ಕೊಟ್ಟ ಆಶೀರ್ವಾದವನ್ನು ನಿಂತ ನಿಲುವಿನಲ್ಲೇ ಹಿಂದಕ್ಕೆ ಕೊಟ್ಟವರು ನೀವೇ ಮೊದಲು" ಎಂದರು.

ಈ ಸುದ್ದಿ ಕೇಳಿದ ನಿರ್ದೇಶಕರ ಕಣ್ಣು ತುಂಬಿ ಬಂತು. "ಬಂತು ಸಾರ್, ಮೈಗೆ ವಿದ್ಯೆ ಬಂತು. ರಾಜನ ಪಾತ್ರ ನಿಮ್ಮದೇ."

ಚಲಿಸುತ್ತಿರುವ ವಸ್ತು ಹೊರಗಿನ ಬಲವೊಂದು ತಡೆಯುವವರೆಗೂ ಚಲಿಸುತ್ತಲೇ ಇರುತ್ತದೆ ಎಂದು ಭೌತಶಾಸ್ತ್ರ ಹೇಳುತ್ತದೆ. ಕಲ್ಲೇಶಪ್ಪನವರ ಬಾಳಿನಲ್ಲಿ ಆ ಹೊರಗಿನ ಬಲದ ಹೆಸರು ದಾಕ್ಷಾಯಣಮ್ಮ.

"ನೋಡ್ರೀ, ಭಾನುವಾರ ಕಡೂರಿನೋರು ಮಂಗಳನ್ನ ನೋಡೋಕೆ ಬತ್ತಾರೆ. ಅವತ್ತೊಂದಿನ ನೀವು ಕನ್ನಡಿ ಆಗ್ಬೇಡಿ. ಕನ್ನಡಿ ನೇತಾಕೋ ಗೋಡೆ ಆಗಿ."

ಮಗಳು ಸರ್ವಮಂಗಳಳ ಸಂಬಂಧ ಅದು. ಹುಡುಗ ಬಸವರಾಜನಿಗೆ ಕೆ.ಇ.ಬಿ.ಯಲ್ಲಿ ಕೆಲಸ. ಗಿರಣಿಯ ಲೈನು ಕೆಟ್ಟಾಗ ನೋಡಲು ಬಂದವನಿಗೆ ಸರ್ವಮಂಗಳ ಒಂದು ಲೋಟ ಮಜ್ಜಿಗೆ ಕೊಟ್ಟಿದ್ದಳು. ಆಮೇಲೆ ಅವನು ಕೆಡದೇ ಇದ್ದ ಲೈನನ್ನು ಮೂರು ಸಲ ಬಂದು ಪರೀಕ್ಷಿಸಿ ಹೋಗಿದ್ದ. ಅವಳೂ ಮೂರು ಸಲ ಮಜ್ಜಿಗೆ ಕಡೆದಿದ್ದಳು. ಈಗ ಅವಳು ಬಾಗಿಲಿಗೆ ಒರಗಿ ನಿಂತು, "ಅಪ್ಪಾಜಿ, ಒಂದೇ ಒಂದಿನ. ನನಗೋಸ್ಕರ" ಎಂದಳು.

ಕಲ್ಲೇಶಪ್ಪನವರಿಗೆ ಗಂಟಲು ಕಟ್ಟಿತು. ಅದು ಅಪರೂಪದ ಘಟನೆ. "ಗೋಡೆ ಕಣಮ್ಮ, ಕಲ್ಲಿನ ಗೋಡೆ" ಎಂದು ಮಾತು ಕೊಟ್ಟರು.

ಭಾನುವಾರ ಹುಡುಗನ ತಂದೆ ಮಲ್ಲಿಕಾರ್ಜುನಯ್ಯ, ತಾಯಿ ತೀರ್ಥಮ್ಮ, ಜೊತೆಗೆ ಬಸವರಾಜ ಬಂದರು. ಮಲ್ಲಿಕಾರ್ಜುನಯ್ಯನವರು ಕಡೂರಿನ ಕೊಬ್ಬರಿ ವ್ಯಾಪಾರಿ, ತೂಕದ ಮನುಷ್ಯ. ಅವರು ಕಲ್ಲೇಶಪ್ಪನವರಿಗೆ ಸರಿಯಾಗಿ ಎದುರಿಗಿದ್ದ ಕುರ್ಚಿಯಲ್ಲೇ ಕೂತರು. ಬೆವರು ಒರೆಸಿಕೊಂಡರು. ಕಲ್ಲೇಶಪ್ಪನವರು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತುಬಿಟ್ಟರು. ಗೋಡೆ ಗಟ್ಟಿಯಾಗಿತ್ತು.

ಸಂಬಂಧ ತಂದವರು ಹುಡುಗನ ಸಂಬಳ, ತೋಟ, ಮನೆತನ ಎಲ್ಲವನ್ನೂ ಹೇಳಿದ್ದರು, ಒಂದನ್ನು ಬಿಟ್ಟು. ಮಲ್ಲಿಕಾರ್ಜುನಯ್ಯನವರು ಮುಖ್ಯವಾದ ಮಾತು ಆಡುವ ಮುಂಚೆ ಅವರ ಎಡಭುಜ ತಾನಾಗಿ ಕಿವಿಯವರೆಗೂ ಎದ್ದು, ಒಂದು ಗಳಿಗೆ ಅಲ್ಲಿದ್ದು, ಇಳಿಯುತ್ತಿತ್ತು.

"ನಮಗೆ ವರದಕ್ಷಿಣೆ ಗಿರದಕ್ಷಿಣೆ ಏನೂ ಬೇಡ" ಎನ್ನಲು ಹೊರಟಾಗ ಅವರ ಎಡಭುಜ ಎದ್ದಿತು.

ಕೈಗಳ ಮೇಲೆ ಕೂರಬಹುದು. ಭುಜದ ಮೇಲೆ ಕೂರುವ ಉಪಾಯವನ್ನು ದೇವರು ಮನುಷ್ಯನಿಗೆ ಕೊಟ್ಟಿಲ್ಲ. ಕಲ್ಲೇಶಪ್ಪನವರ ಬಲಭುಜ ಎದ್ದು ಕಿವಿ ಮುಟ್ಟಿತು.

ಮಲ್ಲಿಕಾರ್ಜುನಯ್ಯನವರು ಮಾತು ನಿಲ್ಲಿಸಿದರು. ನೋಡಿದರು. ಕಣ್ಣಿನ ಭ್ರಮೆಯೇನೋ ಎಂದು ಇನ್ನೊಮ್ಮೆ ಶುರುಮಾಡಿದರು. ಅತ್ತ ಎಡ ಎದ್ದಿತು, ಇತ್ತ ಬಲ ಎದ್ದಿತು. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ ಸದ್ದು ಕೇಳಿಸಿತು.

"ಏನ್ ಸ್ವಾಮೀ ಇದು? ಮನೆಗೆ ಕರೆಸ್ಕೊಂಡು ತಮಾಷೆನಾ?" ಎನ್ನುತ್ತ ಅವರು ಎದ್ದರು. ಕಾಫಿಯ ತಟ್ಟೆ ಹಿಡಿದು ಬಂದ ಸರ್ವಮಂಗಳ ಹೊಸ್ತಿಲಲ್ಲೇ ನಿಂತಳು. ಬಸವರಾಜ ತಲೆ ತಗ್ಗಿಸಿದ. 'ಇದು ಕನ್ನಡಿ ಪಾಠ' ಎಂದು ಹೇಳಲು ಕಲ್ಲೇಶಪ್ಪನವರು ಬಾಯಿ ತೆರೆದರು. ಮೋಟಾರನ್ನೇ ಸೋಲಿಸಿದ ಆ ಗಂಟಲಿನಿಂದ ಬಂದದ್ದು ಬರೀ ಗಾಳಿ.

ಆಗ ಅಡುಗೆಮನೆಯಿಂದ ದಾಕ್ಷಾಯಣಮ್ಮ ಬಂದರು. ನಡುಮನೆಯ ಮಧ್ಯೆ ನಿಂತು, ಸೆರಗನ್ನು ಕಣ್ಣಿಗೊತ್ತಿಕೊಂಡರು.

"ತಪ್ಪು ತಿಳ್ಕೋಬೇಡಿ ಅಣ್ಣಾ. ಅದು ಇವ್ರಿಗೆ ಹುಟ್ಟಿದಾಗಿನಿಂದ ಐತೆ. ಇವರಪ್ಪನಿಗೂ ಇತ್ತು. ಮೊದ್ಲೇ ತಿಳಿಸ್ಬೇಕಾಗಿತ್ತು, ತಿಳಿಸಿದ್ರೆ ನೀವು ಬತ್ತೀರೋ ಇಲ್ವೋ ಅಂತ ನಾನೇ ಅಂಜ್ಕೊಂಡು ಸುಮ್ನಾದೆ."

ಗೋಡೆಯ ಮೇಲೆ ಕಲ್ಲೇಶಪ್ಪನವರ ತಂದೆಯ ಫೋಟೋ ಇತ್ತು. ಅದರಲ್ಲಿ ಅವರ ಎರಡು ಭುಜಗಳೂ ರಸಮಟ್ಟ ಇಟ್ಟು ಅಳೆದಂತೆ ಸಮನಾಗಿದ್ದವು. ಪುಣ್ಯಕ್ಕೆ ಯಾರೂ ಅತ್ತ ನೋಡಲಿಲ್ಲ. ತೀರ್ಥಮ್ಮ ಎದ್ದು ಬಂದು ದಾಕ್ಷಾಯಣಮ್ಮನವರ ಕೈ ಹಿಡಿದುಕೊಂಡರು.

"ಅಯ್ಯೋ ತಂಗೀ, ನಾವೂ ಅದಕ್ಕೇ ಅಂಜಿದ್ವಿ ಕಣಮ್ಮ. ಎರಡು ಕಡೆ ಹೆಣ್ಣಿನೋರು ಇವರ ಭುಜ ನೋಡಿ, ನಾಳೆ ಮಗನಿಗೂ ಬರುತ್ತೆ ಅಂತ ಸಂಬಂಧ ಬ್ಯಾಡ ಅಂದ್ಬಿಟ್ರು."

ಮಲ್ಲಿಕಾರ್ಜುನಯ್ಯನವರು ನಿಧಾನವಾಗಿ ಕೂತು ಉಪ್ಪಿಟ್ಟಿನ ತಟ್ಟೆ ಮತ್ತೆ ಎತ್ತಿಕೊಂಡರು. ಕಾಫಿ ಆರುವುದರೊಳಗೆ ಸಂಬಂಧ ಕುದುರಿತು.

ಹೀಗೆ ಕಲ್ಲೇಶಪ್ಪನವರಿಗೆ ಜೀವಮಾನದ ಪಾತ್ರ ಸಿಕ್ಕಿತು. ಬಣ್ಣವಿಲ್ಲ, ಪರದೆಯಿಲ್ಲ, ಬೀಗರು ಇರುವಷ್ಟು ದಿನ ರಜೆಯಿಲ್ಲ. ಜೊತೆಗೊಂದು ವಿಚಿತ್ರ. ಬೇಡವೆಂದಾಗ ತಾನಾಗಿ ಎದ್ದ ಭುಜ, ಬೇಕೆಂದಾಗ ಏಳಲು ಒಲ್ಲೆನೆಂದಿತು. ನಿಶ್ಚಿತಾರ್ಥದ ದಿನ ಬೀಗರ ಪಕ್ಕದಲ್ಲಿ ಜಮಖಾನದ ಮೇಲೆ ಕೂತವರು ಅದನ್ನು ಮರೆತೇಬಿಟ್ಟಿದ್ದರು. ದಾಕ್ಷಾಯಣಮ್ಮ ಹಿಂದಿನಿಂದ ಬೆನ್ನು ಚಿವುಟಿದ ಮೇಲೆ ಕೈಗೆ ಸಿಕ್ಕಿದ, ಅಂದರೆ ನೆನಪಿಗೆ ಸಿಕ್ಕಿದ ಭುಜವನ್ನು ಗಡಿಬಿಡಿಯಿಂದ ಎತ್ತಿದರು. ಅಂದು ಚಿವುಟಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಮದುವೆಗೆ ಇನ್ನೂ ದಿನಗಳಿದ್ದವು. ಅಷ್ಟರಲ್ಲಿ ನಾಟಕ ಬಂತು. "ಬೀಗ್ರ ನಾಟಕ ಬಿಡೋದುಂಟಾ?" ಎಂದು ಕಡೂರಿನವರು ಮೊದಲನೇ ಸಾಲಿನಲ್ಲಿ ಬಂದು ಕೂತರು. ಪರದೆಯ ಸಂದಿಯಿಂದ ಅವರನ್ನು ಕಂಡ ರಾಜರು ಒಳಗಿದ್ದ ದಾಕ್ಷಾಯಣಮ್ಮನವರ ಬಳಿಗೆ ಓಡಿದರು.

"ಈಗೇನ್ ಮಾಡ್ಲೇ? ರಾಜನಿಗೆ ಭುಜ ಏಳುತ್ತಾ?"

"ನಿಮಗೆ ಏಳುತ್ತಲ್ಲ, ರಾಜನಿಗೂ ಏಳುತ್ತೆ" ಎಂದರು ದಾಕ್ಷಾಯಣಮ್ಮ. "ಹುಟ್ಟಿನಿಂದ ಬಂದಿದ್ದು ಕಿರೀಟ ಹಾಕಿದ್ರೆ ಹೋಗುತ್ತಾ? ಮಗಳ ಮುಖ ನೋಡ್ಕೊಂಡು ಎತ್ರೀ."

ಪರದೆ ಸರಿಯಿತು. ರಾಜರು ಸಿಂಹಾಸನದಲ್ಲಿ ಕೂತು ಮೊದಲ ಮಾತಿಗೆ ಮುಂಚೆ ಎಡಭುಜ ಎತ್ತಿದರು. ರಟ್ಟಿನ ಕಿರೀಟ ಬಲಕ್ಕೆ ವಾಲಿತು. ಅದನ್ನು ಸರಿಮಾಡಲೆಂದು ಬಲಭುಜ ಎತ್ತಿದರು. ಅದು ಎಡಕ್ಕೆ ವಾಲಿತು.

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ರಂಗದ ಮೇಲೆ ಯಾರಾದರೂ ಹೊಸದನ್ನು ಮಾಡಿದರೆ ಉಳಿದವರು ಗಲಿಬಿಲಿಗೊಳ್ಳದೆ ಅದನ್ನು ಕೈಗೆತ್ತಿಕೊಳ್ಳಬೇಕು ಎಂದು ನಿರ್ದೇಶಕರು ಎಲ್ಲರಿಗೂ ಕಲಿಸಿದ್ದರು. ಎಲ್ಲರೂ ಅದೇ ಕನ್ನಡಿ ಪಾಠ ಓದಿದವರು. ಮಂತ್ರಿ ಒಂದು ಕ್ಷಣ ನೋಡಿ, ಭುಜ ಎತ್ತಿ ವಂದಿಸಿದ. ಸೇನಾಪತಿ ಎತ್ತಿದ. ಭಟರು ಭರ್ಜಿಯ ಸಮೇತ ಎತ್ತಿದರು. ಚಾಮರ ಬೀಸುವವನು, ರಾಜಪುರೋಹಿತ, ಬೇಡಿ ತೊಟ್ಟು ನಿಂತ ಕೈದಿ, ಇಡೀ ಆಸ್ಥಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎದ್ದು ಇಳಿಯತೊಡಗಿತು. ಸಭೆಯಲ್ಲಿ ಸಿಳ್ಳೆ ಬಿತ್ತು. ಎರಡನೇ ಸಾಲಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರ್ ಷಣ್ಮುಖಪ್ಪನವರು ಪಕ್ಕದವರಿಗೆ, "ಇದು ಹೊಸ ರೀತಿ ನಾಟಕ ಕಣ್ರೀ. ದೊರೆ ಎತ್ತಿದ್ದನ್ನ ಪ್ರಜೆಗಳೂ ಎತ್ಬೇಕು ಅಂತ ಒಳಾರ್ಥ" ಎಂದು ವಿವರಿಸಿದರು.

ಮೊದಲನೇ ಸಾಲಿನಲ್ಲಿ ಮಲ್ಲಿಕಾರ್ಜುನಯ್ಯನವರು ಟವೆಲಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಎದ್ದು, ಹಿಂತಿರುಗಿಯೂ ನೋಡದೆ ಸರಸರನೆ ಹೊರಗೆ ಹೋದರು. ಆ ನಂತರ ರಾಜರು ಏನು ಮಾತಾಡಿದರೆಂಬುದು ರಾಜರಿಗೂ ತಿಳಿಯದು. ಸೆರೆಯಾಳನ್ನು ಗಲ್ಲಿಗೇರಿಸಬೇಕಿದ್ದವರು ಬಿಡುಗಡೆ ಮಾಡಿ, ಅವನಿಗೇ ಕೈಮುಗಿದು ಒಳಗೆ ಬಂದರು.

ಬಣ್ಣದ ಕೋಣೆಯಲ್ಲಿ ಕಿರೀಟವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಸರ್ವಮಂಗಳ ಬಂದು ಅಪ್ಪನ ಮುಖದ ಬಣ್ಣ ಒರೆಸತೊಡಗಿದಳು. ಅವಳು ಬೈದಿದ್ದರೂ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮಲ್ಲಿಕಾರ್ಜುನಯ್ಯನವರು ಕಾಣಿಸಿಕೊಂಡರು. ಹಿಂದೆ ದಾಕ್ಷಾಯಣಮ್ಮ. ಕಲ್ಲೇಶಪ್ಪನವರು ದಡಬಡನೆ ಎದ್ದು ಭುಜ ಎತ್ತಿದರು.

"ಇಳಿಸಿ ಬೀಗ್ರೇ, ಇಳಿಸಿ. ಉಳುಕಿ ಗಿಳುಕೀತು" ಎಂದರು ಮಲ್ಲಿಕಾರ್ಜುನಯ್ಯ. "ನಂದು ಎಡಗಡೆ. ನಿಮ್ದು ಹೆಣ್ಣು ನೋಡೋಕೆ ಬಂದಾಗ ಬಲಗಡೆ ಇತ್ತು. ನಿಶ್ಚಿತಾರ್ಥದ ದಿನ ಎಡಗಡೆಗೆ ಬಂತು. ಇವತ್ತು ಎರಡೂ ಕಡೆ ಎದ್ದಿದ್ದಲ್ದೆ, ಮಂತ್ರಿಗೂ ಅಂಟ್ಕೊಂತು. ಹುಟ್ಟಿನಿಂದ ಬಂದಿದ್ದು ಹಿಂಗೆಲ್ಲ ತಿರುಗಾಡಲ್ಲ ಕಣ್ರೀ."

ಕಲ್ಲೇಶಪ್ಪನವರು ಭುಜ ಇಳಿಸಿದರು. "ನಿಶ್ಚಿತಾರ್ಥದ ದಿನಾನೇ ಗೊತ್ತಾಗಿತ್ತಾ? ಮತ್ತೆ ಸಂಬಂಧ ಯಾಕೆ ಮುರೀಲಿಲ್ಲ?"

"ನಾವು ಹುಡುಗಿ ನೋಡೋಕೆ ಬಂದಿದ್ದು, ಭುಜ ನೋಡೋಕಲ್ಲ."

"ಈಗ ಮಧ್ಯದಲ್ಲೇ ಎದ್ದು ಹೋದ್ರಲ್ಲ?"

"ಮೊದಲನೇ ಸಾಲಲ್ಲಿ ಬೀಗ ಕೂತ್ಕೊಂಡು ಹೊಟ್ಟೆ ಹಿಡ್ಕೊಂಡು ನಕ್ಕರೆ ರಾಜನ ಮರ್ಯಾದೆ ಏನಾಗ್ಬೇಕು? ಹೊರಗೆ ಹೋಗಿ ನಕ್ಕು ಬಂದೆ."

ಸರ್ವಮಂಗಳ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ಕಲ್ಲೇಶಪ್ಪನವರಿಗೆ ಹೋದ ಜೀವ ಬಂತು. ಜೀವದ ಹಿಂದೆಯೇ ನಟನೂ ಬಂದ.

"ಅಂತೂ ಮೊದಲನೇ ದಿನ ಮಾತ್ರ ನನ್ನ ಅಭಿನಯ ನಿಜ ಅಂತ ನಂಬಿಬಿಟ್ರಿ" ಎಂದರು ಗಂಟಲು ಸರಿಮಾಡಿಕೊಂಡು.

"ನಿಮ್ದನ್ನಾ? ಅಣಕಿಸ್ತಿದೀರಿ ಅಂತ ನಾನು ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಹುಡುಕ್ತಿದ್ದೆ. ನಾನು ನಂಬಿದ್ದು ಈ ನಮ್ಮ ತಂಗ್ಯಮ್ಮನ್ನ. 'ಇವರಪ್ಪನಿಗೂ ಇತ್ತು' ಅಂತ ಕಣ್ಣೊರೆಸ್ಕೊಂಡ್ರು ನೋಡಿ, ಆ ಮಾತನ್ನ ಇವತ್ತಿಗೂ ಅರ್ಧ ನಂಬ್ತೀನಿ."

ಕಿರೀಟ ತೆಗೆದುಕೊಂಡು ಹೋಗಲು ಬಂದಿದ್ದ ನಿರ್ದೇಶಕರು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕಲ್ಲೇಶಪ್ಪನವರನ್ನು ದಾಟಿ ಬಂದು ದಾಕ್ಷಾಯಣಮ್ಮನವರ ಮುಂದೆ ಕೈಮುಗಿದರು.

"ಅಮ್ಮಾ, ನನ್ನ ತರಗತಿಗೆ ನೀವು ಒಂದು ದಿನವೂ ಬಂದವರಲ್ಲ. ಇಂಥ ಅಭಿನಯ ಎಲ್ಲಿ ಕಲಿತಿರಿ?"

"ಅದೇನ್ ಮಹಾ" ಎಂದರು ದಾಕ್ಷಾಯಣಮ್ಮ. "ಮನೆಗೆ ಯಾರು ಏನ್ ಕೇಳ್ಕೊಂಡು ಬಂದ್ರೂ, 'ನಮ್ಮ ಯಜಮಾನ್ರಿಗೆ ಎಲ್ಲಾ ಗೊತ್ತು, ಅವ್ರನ್ನೇ ಕೇಳಿ' ಅಂತ ಮದುವೆ ಆದಾಗಿನಿಂದ ಹೇಳ್ತಾ ಬಂದಿದೀನಿ. ಒಂದ್ಸಲಾನೂ ನಕ್ಕಿಲ್ಲ."